ಡ್ರೈಪಾಯಿಂಟ್ ಮುಖಚಿತ್ರದಲ್ಲಿ ಕೆನ್ನೆ ಸುಕ್ಕಾದರೆ

ಡ್ರೈಪಾಯಿಂಟ್ ಎಂದರೆ ಪ್ಲೇಟಿನ ಮೇಲೆ ಸೂಜಿಮೊನೆಯಿಂದ ಗೀರಿ, ಗೆರೆಗೆ ಶಾಯಿ ತುಂಬಿ, ಪ್ರೆಸ್ಸಿನಲ್ಲಿ ಒದ್ದೆ ಕಾಗದಕ್ಕೆ ಒತ್ತುವ ಮುದ್ರಣ. ನನ್ನ ಪ್ಲೇಟು 2 ಮಿ.ಮೀ. ಅಕ್ರಿಲಿಕ್ ಹಾಳೆ, ಅದರ ಮೇಲೆ ಗೀರಿದ ಮುಖ. ಚರ್ಮದ ಬಣ್ಣಕ್ಕೆ ಇನ್ನೊಂದು ಪ್ಲೇಟ್ ಬೇಡವೆಂದು ತಿಳಿಗಂದು ತೆಳು ಕಾಗದವನ್ನೇ ಮುಖದಾಕಾರಕ್ಕೆ ಕತ್ತರಿಸಿ ಶೀನ್ ಕೊಲೆ ಮಾಡಿದ್ದೆ. (ಹೆದರಬೇಡಿ, ಫ್ರೆಂಚ್‌ನಲ್ಲಿ ‘ಕೊಲೆ’ ಎಂದರೆ ಅಂಟಿಸಿದ್ದು. ಮುದ್ರಿಸುವಾಗಲೇ ತೆಳು ಕಾಗದವನ್ನು ದಪ್ಪ ಕಾಗದಕ್ಕೆ ಅಂಟಿಸುವ ವಿಧಾನವಿದು.) ಮೊದಲ ಮೂರೂ ಪ್ರತಿಗಳಲ್ಲಿ ಕೆನ್ನೆಯಿಂದ ಗಲ್ಲದವರೆಗೆ ಸುಕ್ಕು, ಒಣಗಿದ ಮೇಲೆ ಕಿವಿಯ ಅಂಚು ಎದ್ದಿತ್ತು.

ತಪ್ಪು ಪ್ರೆಸ್ಸಿನದಲ್ಲ. ಒಣ ಕಾಗದ ಕತ್ತರಿಸಿದ್ದೇ ತಪ್ಪು. ತೇವ ತಾಗಿದೊಡನೆ ತೆಳು ಕಾಗದ ಹಿಗ್ಗುತ್ತದೆ, ಅದೂ ನಾರಿಗೆ ಅಡ್ಡಲಾಗಿ ಹೆಚ್ಚು. ಹಿಗ್ಗಿದ್ದಕ್ಕೆ ಜಾಗ ಸಿಗದೆ ಮಡಿಕೆ ಬೀಳುತ್ತದೆ.

ಈಗಿನ ಕ್ರಮ: ಗೋಧಿ ಪಿಷ್ಟ 1 ಪಾಲು, ನೀರು 5 ಪಾಲು, ಸಣ್ಣ ಉರಿಯಲ್ಲಿ ಪಾರದರ್ಶಕವಾಗುವವರೆಗೆ ಕೈಯಾಡಿಸಿ, ಆರಿಸಿ, ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಬೇಕು. ಗಂಜಿಯಂತಿದ್ದರೆ ಅಂಚಿನಿಂದ ಒಸರಿ ಹೊಳೆಯುವ ಗೆರೆ ಉಳಿಸುತ್ತದೆ. ಕಾಗದವನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹರಡಿ ಅಂಟು ಸವರಿ, ಮೇಲಿನ ಹೊಳಪು ಇಂಗಿದ ಮೇಲೆಯೇ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಕತ್ತರಿಸಲು ಇಡುವ ಮುಖದಾಕಾರದ ಮಾದರಿಯನ್ನು ತಿರುಗಿಸುವುದು ಬೇಡ. ಅಂಟಿನ ಮುಖ ಮೇಲಾಗಿಯೇ ಶಾಯಿ ಹಚ್ಚಿದ ಪ್ಲೇಟಿನ ಮೇಲೆ ಕೂರುತ್ತದೆ. ಅದರ ಮೇಲೆ ಅರ್ಧ ಗಂಟೆ ನೆನೆಸಿ ಒತ್ತಿದ 250 ಜಿಎಸ್‌ಎಂ ಹತ್ತಿ ಕಾಗದ. ನೀರು ಮಿನುಗುತ್ತಿದ್ದರೆ ಶಾಯಿ ಹಿಡಿಯದು.

ಪ್ರೆಸ್ಸಿನಿಂದ ಹೊರಬಂದ ಪ್ರತಿ ನೀರು ಹೀರುವ ಬ್ಲಾಟಿಂಗ್ ಹಾಳೆಗಳ ನಡುವೆ, ಪ್ಲೈವುಡ್ ಭಾರದಡಿ ಎರಡು ದಿನ. ಕಿವಿ ಏಳಲಿಲ್ಲ.

ಸುಕ್ಕು ಹೋದ ಮೇಲೆ ಆಟಕ್ಕೆ ಜಾಗ ಸಿಕ್ಕಿತು: ಕಾಗದವನ್ನು ಬೇಕೆಂದೇ 4 ಮಿ.ಮೀ. ಎಡಕ್ಕೆ ಸರಿಸಿದರೆ ಚರ್ಮ ಗೆರೆಯಿಂದ ಜಾರಿದಂತೆ ಕಾಣುತ್ತದೆ. 8 ಮಿ.ಮೀ. ಆದರೆ ಬರೀ ಮುದ್ರಣದೋಷ.