ಥಾರ್ ಹಿಂಬಾಗಿಲಿಗೆ ದೊಡ್ಡ ಸ್ಟೆಪ್ನಿ ಬಿಗಿಯೋ ಮುಂಚೆ

ಮಹೀಂದ್ರಾ ಥಾರ್ ಜೀಪಿನ ನಾಲ್ಕು ಚಕ್ರಕ್ಕೂ ದೊಡ್ಡ ಮಡ್ ಟೈರ್ ಹಾಕಿಸಿದವರು ಐದನೆಯದನ್ನೂ ಅದೇ ಅಳತೆಯದು ತಂದು, ಹಿಂಬಾಗಿಲ ಮೇಲಿನ ಕಂಪನಿ ಸ್ಟ್ಯಾಂಡಿಗೇ ಬಿಗಿದು, ನಮ್ಮ ಮಂಡ್ಯದ ನಾಲೆ ಏರಿ ಮೇಲೆ ಹೊರಟುಬಿಡ್ತಾರೆ. ಬಾಗಿಲು ಒಂದೇ ದಿನಕ್ಕೆ ಕೈ ಕೊಡಲ್ಲ, ಅದೇ ತೊಂದರೆ. ಕಬ್ಬಿನ ಟ್ರ್ಯಾಕ್ಟರ್ ಕೊರೆದ ಗುಂಡಿಯಲ್ಲಿ ಗಾಡಿ ಎಗರಿದಾಗಲೆಲ್ಲ ಹಿಂಜ್ (ಬಾಗಿಲು ತಿರುಗೋ ಕೀಲು) ಬುಡದ ತಗಡು ಸ್ವಲ್ಪ ಸ್ವಲ್ಪವೇ ಸೋಲುತ್ತೆ.

ಮೊದಲು ತೂಕ. ಅಂಗಡಿಯವರ ಅಂದಾಜು ಬೇಡ, ರಿಮ್ ಸಮೇತ ಹಳೇದು, ಹೊಸದು ಎರಡನ್ನೂ ತೂಗಿಸಿ. ನಾನು ಬೆಲ್ಲದ ಮಂಡಿಯಲ್ಲೇ ತೂಗಿಸಿದ್ದು. ಹಮಾಲರು ನಕ್ಕರು, ನಗಲಿ. ಥಾರ್‌ನ ಕೆಲವು ಮಾಡೆಲಿಗೆ ಬರೋ 245/75 ಆರ್ 16 ಟೈರಿನ ಎತ್ತರ ಸುಮಾರು 774 ಮಿ.ಮೀ., 265/70 ಆರ್ 17 ಆದರೆ 803. ಅಗಲವೂ 20 ಮಿ.ಮೀ. ಜಾಸ್ತಿ. ಭಾರ ಬಾಗಿಲಿಂದ ಆಚೆ ಸರಿದಷ್ಟೂ ಹಿಂಜ್ ಮೇಲೆ ಎಳೆತ ಹೆಚ್ಚು.

ಈಗ ಬಾಗಿಲು ಅರ್ಧ ತೆಗೆದು, ಲಾಕ್ ಕಡೆಯ ಕೆಳಗಿನ ಅಂಚು ಹಿಡಿದು ಎತ್ತಿ ಬಿಡಿ. ಹಿಂಜ್ ಹತ್ತಿರ ಟಕ್ ಅಂದರೆ ಪಿನ್ನು ಸವೆದಿದೆ. ಟಾರ್ಚನ್ನ ಓರೆಯಾಗಿ ಹಿಡಿದು ಬೋಲ್ಟುಗಳ ಸುತ್ತ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅಲ್ಲಿಂದ ಇಳಿದ ಕೆಂಚು ತುಕ್ಕಿನ ಕಲೆ ಕಂಡರೆ ತಗಡು ಬಿರುಕು ಬಿಟ್ಟಿದೆ ಅಂತಲೇ ಲೆಕ್ಕ. ಪುಟ್ಟಿ ಬಳಿದು ಮುಚ್ಚೋಕೆ ಹೋಗಬೇಡಿ.

ಬಾಗಿಲು ಗಟ್ಟಿಯಿದ್ದು ತೂಕ ಸ್ವಲ್ಪವೇ ಏರಿದ್ದರೆ, ಒಳಗಡೆ ಬೋಲ್ಟುಗಳ ಹಿಂದೆ ಅಗಲವಾದ ಸ್ಟೀಲ್ ಪ್ಲೇಟ್ ಕೊಡಿಸಿ. ವೆಲ್ಡಿಂಗ್ ಬೇಡ, ತೆಳು ತಗಡು ಬಿಸಿಗೆ ಸೊಟ್ಟಗಾಗುತ್ತೆ. ಟೈರ್ ಬೆನ್ನು ಬಾಗಿಲ ಮೇಲಿನ ರಬ್ಬರ್ ಸ್ಟಾಪರಿಗೆ ಒತ್ತಿ ಕೂರಬೇಕು. ಎರಡರ ಮಧ್ಯೆ ಬಸ್ ಟಿಕೆಟ್ ಸಿಕ್ಕಿಸಿ ನಟ್ ಬಿಗಿಯಿರಿ. ಎಳೆದಾಗ ಸಲೀಸಾಗಿ ಬಂತೋ, ಟೈರ್ ಕುಲುಕುತ್ತೆ. ಎತ್ತರದ ರಬ್ಬರ್ ಹಾಕಿಸಿ.

ತೂಕ ಜೋರಾಗೇ ಏರಿದ್ದರೆ ಬಾಗಿಲ ಸಹವಾಸವೇ ಬೇಡ. ಚಾಸಿಗೆ (ಗಾಡಿಯ ಅಡಿ ಚೌಕಟ್ಟಿಗೆ) ಬೋಲ್ಟ್ ಆಗುವ ಬಂಪರ್, ಅದರ ಮೇಲೆ ತಿರುಗುವ ತೋಳು, ಅದಕ್ಕೆ ಸ್ಟೆಪ್ನಿ. ತೋಳು ತಿರುಗೋ ಪಿನ್ನಿಗೆ ಗ್ರೀಸ್ ತುಂಬೋ ನಿಪ್ಪಲ್, ತೆರೆದ ತೋಳನ್ನ ಹಿಡಿದಿಡೋ ಲಾಕ್ ಎರಡೂ ಇರಲೇಬೇಕು. ಮೇಲುಕೋಟೆ ಇಳಿಜಾರಲ್ಲಿ ನಿಲ್ಲಿಸಿದಾಗ ಲಾಕ್ ಇಲ್ಲದ ತೋಳು ಸೀದಾ ಮೊಣಕಾಲಿಗೇ ಬರುತ್ತೆ. ತರಕಾರಿ ಚೀಲ ಇಡೋಕೂ ಮೊದಲು ತೋಳು, ಆಮೇಲೆ ಬಾಗಿಲು ತೆಗೀಬೇಕು ಅಂತ ನಮ್ಮನೆಯವರು ಈಗಲೂ ಬೈತಾರೆ.

ನಂಬರ್ ಪ್ಲೇಟು, ಬ್ರೇಕ್ ಲೈಟು, ರಿವರ್ಸ್ ಕ್ಯಾಮೆರಾ ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮೊದಲ ಸಲ ಕಚ್ಚಾ ದಾರಿ ಸುತ್ತಿ ಬಂದ ಕೂಡಲೇ ನಟ್ಟು, ಬೋಲ್ಟುಗಳಿಗೆಲ್ಲ ಇನ್ನೊಂದು ಸಲ ಸ್ಪ್ಯಾನರ್ ಕೊಡಿ.