ಕಾಫಿಪುಡಿ ಲೇಬಲ್ಲಿಗೆ ಸ್ಪಾಟ್ ಕಲರ್: ಪ್ರೆಸ್ಸಿಗೆ ಫೈಲ್ ಕೊಡುವ ಮೊದಲು

ಚಿಕ್ಕಮಗಳೂರಿನಲ್ಲಿ ಸ್ವಂತ ಹೆಸರಿನ ಕಾಫಿಪುಡಿ ಮಾರುವವರಿಗೆಲ್ಲ ಲೇಬಲ್ಲು ಕಾಫಿ ಬಣ್ಣದಲ್ಲೇ ಬೇಕು. ಡಿಟಿಪಿ ಅಂಗಡಿಯಲ್ಲಿ ಡಿಸೈನ್ ಮಾಡಿಸಿ ಪ್ರೆಸ್ಸಿಗೆ ಹೋದರೆ, 'ಎರಡು ಬಣ್ಣ ಅಂದ್ರಿ, ಇದ್ರಲ್ಲಿ ಐದು ಪ್ಲೇಟ್ ಇದೆಯಲ್ಲ ಸಾರ್' ಅನ್ನುತ್ತಾರೆ. ಪ್ಲೇಟ್ ಅಂದರೆ ಒಂದೊಂದು ಇಂಕಿಗೂ ಬೇಕಾಗುವ ಪ್ರತ್ಯೇಕ ಅಚ್ಚು. ತಪ್ಪು ಫೈಲಿನಲ್ಲೇ ಇರುತ್ತದೆ.

ಮಾಮೂಲಿ ನಾಲ್ಕು ಬಣ್ಣದ ಮುದ್ರಣದಲ್ಲಿ ಕಂದು ಅಂದರೆ ಬೇರೆ ಬೇರೆ ಇಂಕಿನ ಚುಕ್ಕಿಗಳು. ಅದರ ಮೇಲೆ 6 ಪಾಯಿಂಟಿನ ಬಿಳಿ ಅಕ್ಷರ ಬಿಟ್ಟರೆ, ಒಂದು ಪ್ಲೇಟ್ ಕೂದಲೆಳೆಯಷ್ಟು ಜರುಗಿದರೂ ಒತ್ತಕ್ಷರ ಮುಚ್ಚಿಹೋಗುತ್ತದೆ. ಸ್ಪಾಟ್ ಕಲರ್ ಮೊದಲೇ ಕಲಸಿದ ಒಂದೇ ಇಂಕು, ಒಂದೇ ಪ್ಲೇಟು.

ಮೊದಲು ಬಣ್ಣ ಆರಿಸಿ. ಪರದೆ ನೋಡಿ ಅಲ್ಲ, ಪ್ರೆಸ್ಸಿನವರ ಪ್ಯಾಂಟೋನ್ ಪುಸ್ತಕ (ನಂಬರ್ ಕೊಟ್ಟ ಇಂಕು ಬಣ್ಣಗಳ ಮಾದರಿ ಪುಸ್ತಕ) ನೋಡಿ. ಹೊಳಪಿನ ಕಾಗದಕ್ಕೆ 'ಸಿ', ಹೊಳಪಿಲ್ಲದ್ದಕ್ಕೆ 'ಯು' ಪುಟ. ಗಾಢ ಕಂದಿಗೆ ನನ್ನ ಆಯ್ಕೆ 476. ಚಿನ್ನದ ಬಣ್ಣಕ್ಕೆ 871. ನಾಲ್ಕು ಬಣ್ಣದಲ್ಲಿ ಚಿನ್ನ ಮಾಡಲು ಹೋದರೆ ಸಾಸಿವೆ ಬಣ್ಣ ಬರುತ್ತದೆ, ಅಷ್ಟೇ.

ಎಲ್ಲರೂ ಎಡವುವುದು ಇಲ್ಲಿ. ಅಡೋಬಿಯ ಡಿಸೈನ್ ತಂತ್ರಾಂಶ ಇಲಸ್ಟ್ರೇಟರ್‌ನಲ್ಲಿ ಸ್ವಾಚ್ (ಉಳಿಸಿಟ್ಟ ಬಣ್ಣದ ಚೌಕ) ಮೇಲೆ ಎರಡು ಸಲ ಕ್ಲಿಕ್ ಮಾಡಿ, ಕಲರ್ ಟೈಪ್ 'ಸ್ಪಾಟ್ ಕಲರ್' ಇದೆಯಾ ನೋಡಿ. 'ಪ್ರೋಸೆಸ್' ಅಂತಿದ್ದರೆ ಹೆಸರು ಪ್ಯಾಂಟೋನ್ ಇದ್ದರೂ ಬಣ್ಣ ನಾಲ್ಕಾಗಿ ಒಡೆಯುತ್ತದೆ. ಆಮೇಲೆ ಹೆಸರು. ಹಳೆ ಲೋಗೋದಲ್ಲಿ '476 ಸಿವಿ', ಹೊಸ ಡಿಸೈನಿನಲ್ಲಿ '476 ಸಿ' ಇದ್ದರೆ ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು ಪ್ಲೇಟ್. ಎರಡನ್ನೂ ಆರಿಸಿ 'ಮರ್ಜ್ ಸ್ವಾಚಸ್' ಕೊಡಿ. ತಿಳಿ ಕಂದು ಬೇಕಾದರೆ ಹೊಸ ಬಣ್ಣ ಸೇರಿಸಬೇಡಿ, ಅದೇ ಸ್ವಾಚಿನ 40% ಟಿಂಟ್ (ತಿಳಿ ಛಾಯೆ) ಸಾಕು. ಅಡೋಬಿ 2022ರಲ್ಲಿ ಹೆಚ್ಚಿನ ಪ್ಯಾಂಟೋನ್ ಪಟ್ಟಿಗಳನ್ನು ತೆಗೆದುಹಾಕಿತು ಅಂತ ಗಾಬರಿ ಬೇಡ. ನೀವೇ ಒಂದು ಸ್ಪಾಟ್ ಸ್ವಾಚ್ ಮಾಡಿ ಸರಿಯಾದ ಹೆಸರಿಡಿ. ಪರದೆಯಲ್ಲಿ ಹೇಗೇ ಕಾಣಲಿ, ಪ್ರೆಸ್ಸಿನವರು ಇಂಕು ಕಲಸುವುದು ನಂಬರ್ ನೋಡಿ.

ಫಾಯಿಲ್ (ಒತ್ತಿ ಅಂಟಿಸುವ ಹೊಳೆಯುವ ಹಾಳೆ) ಇದ್ದರೆ 'ಫಾಯಿಲ್' ಅಂತಲೇ ಇನ್ನೊಂದು ಸ್ಪಾಟ್ ಸ್ವಾಚ್ ಮಾಡಿ, ಓವರ್‌ಪ್ರಿಂಟ್ ಹಾಕಿ, ಅಂದರೆ ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೆಯೇ ಬರುವಂತೆ ಮಾಡಿ. ಇಲ್ಲದಿದ್ದರೆ ಅದರ ಕೆಳಗಿನ ಕಂದು ಕತ್ತರಿಸಿಹೋಗಿ, ಫಾಯಿಲ್ ಸ್ವಲ್ಪ ಜರುಗಿದರೂ ಅಂಚಿನಲ್ಲಿ ಬಿಳಿ ಗೆರೆ ಇಣುಕುತ್ತದೆ. ಬಿಳಿ ಅಕ್ಷರಕ್ಕೆ ಮಾತ್ರ ಓವರ್‌ಪ್ರಿಂಟ್ ಬೇಡವೇ ಬೇಡ, ಅಕ್ಷರವೇ ಮಾಯ!

ನುಡಿ ತಂತ್ರಾಂಶದ ಅಕ್ಷರಗಳನ್ನು ಕರ್ವ್ಸ್ ಮಾಡಿ (ಅಕ್ಷರವನ್ನು ಚಿತ್ರದ ಆಕಾರವಾಗಿಸಿ; ಇಲಸ್ಟ್ರೇಟರ್‌ನಲ್ಲಿ 'ಕ್ರಿಯೇಟ್ ಔಟ್‌ಲೈನ್ಸ್'), ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ) ಬಿಟ್ಟು ಪಿಡಿಎಫ್ ಮಾಡಿ. ಜೆಪೆಗ್‌ನಲ್ಲಿ ಸ್ಪಾಟ್ ಬಣ್ಣ ಉಳಿಯುವುದಿಲ್ಲ. ಮೊಬೈಲ್ ಆ್ಯಪಿನಲ್ಲಿ ಮಾಡಿದ ಡಿಸೈನನ್ನಂತೂ ಪ್ರೆಸ್ಸಿಗೆ ತರಲೇಬೇಡಿ.

ಕೊನೆಗೆ ಆಕ್ರೋಬ್ಯಾಟ್ ಪ್ರೊದಲ್ಲಿ 'ಔಟ್‌ಪುಟ್ ಪ್ರಿವ್ಯೂ' ತೆರೆದು ಒಂದೊಂದೇ ಪ್ಲೇಟಿನ ಟಿಕ್ ತೆಗೆದು ನೋಡಿ. ಕಂದಿನ ಟಿಕ್ ತೆಗೆದಾಗ ಕಂದೆಲ್ಲ ಹೋಗಬೇಕು. ಎಲ್ಲೋ ಒಂದು ಗೆರೆ ಉಳಿದರೆ ಅದು ನಾಲ್ಕು ಬಣ್ಣದಲ್ಲಿದೆ ಅಂತ, ವಾಪಸ್ ಹೋಗಿ ಸರಿಮಾಡಿ.