ಹಿತ್ತಿಲ ದಾಳಿಂಬೆಗೆ ಬೋರ್ಡೋ: ಸುಣ್ಣ ಸರಿಯಿದ್ದರೆ ಅರ್ಧ ಗೆದ್ದಂತೆ

ಹಿರಿಯೂರು ಸೀಮೆಯ ಒಣಹವೆ ದಾಳಿಂಬೆಗೆ ಹೇಳಿ ಮಾಡಿಸಿದ್ದು. ತೊಂದರೆಯೆಲ್ಲ ಸೆಪ್ಟೆಂಬರ್-ಅಕ್ಟೋಬರ್ ಮಳೆಯದು. ಎಲೆ ಎರಡು-ಮೂರು ದಿನ ಆರದೇ ಉಳಿದರೆ ಕಪ್ಪು ಚುಕ್ಕೆ ಶುರು. ಚುಕ್ಕೆ ಬಿದ್ದ ಕಾಯಿ ಯಾವ ಔಷಧಿಗೂ ಮತ್ತೆ ನುಣುಪಾಗದು. ಅದಕ್ಕೇ ನಾನು ಮಳೆ ಹಿಡಿಯುವ ಮೊದಲೇ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ದ್ರಾವಣ, ಹೊಡೆಯುತ್ತೇನೆ. ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಅದೇ ಮದ್ದು.

ಮೊದಲು ಚಾಟ್ನಿ, ಅಂದರೆ ರೆಂಬೆ ಸವರುವುದು. ಬುಡದ ಚಿಗುರು, ಒಣಕಡ್ಡಿ, ನಡುವೆ ಒತ್ತಾದ ರೆಂಬೆ ತೆಗೆದು ಗಾಳಿ-ಬೆಳಕಿಗೆ ದಾರಿ ಮಾಡುತ್ತೇನೆ. ಉದುರಿದ ಎಲೆ, ಚುಕ್ಕೆಕಾಯಿ ಗುಡಿಸಿ ಸುಡಬೇಕು. ಗಿಡದ ಬುಡದಲ್ಲೇ ಬಿಟ್ಟರೆ ಮುಂದಿನ ಮಳೆಗೆ ಅಲ್ಲಿಂದಲೇ ಹಬ್ಬುತ್ತದೆ. ದಪ್ಪ ಗಾಯಕ್ಕೆ ಒಂದು ಲೀಟರ್ ನೀರಿಗೆ ಮೈಲುತುತ್ತ, ಸುಣ್ಣ ತಲಾ 100 ಗ್ರಾಂ ಸೇರಿಸಿದ ಮುಲಾಮು ಬಳಿಯುತ್ತೇನೆ.

ಸಿಂಪಡಣೆಗೆ 10 ಲೀಟರ್ ದ್ರಾವಣಕ್ಕೆ ಮೈಲುತುತ್ತ 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ಐದು ಲೀಟರ್ ನೀರಿನಲ್ಲಿ ರಾತ್ರಿಯೇ ಇಳಿಬಿಡಿ. ಪ್ಲಾಸ್ಟಿಕ್ ಬಕೆಟ್ ಬೇಕು, ಕಬ್ಬಿಣ ಬೇಡ. ಸುಣ್ಣದ ಕಲ್ಲಿಗೆ ಸ್ವಲ್ಪ ನೀರು ಚಿಮುಕಿಸಿದರೆ ಬಿಸಿಯೇರಿ, ಬಿರಿದು, ಬೂದಿಯಂತೆ ಅರಳಬೇಕು. ಸುಮ್ಮನೆ ನೆನೆದು ಕೂತರೆ ಅದು ಗಾಳಿಗೆ ಸತ್ತ ಸುಣ್ಣ. ತುತ್ತದ ಹುಳಿ ಮುರಿಯುವ ಶಕ್ತಿ ಅದಕ್ಕಿಲ್ಲ, ಎಲೆ ಸುಡುತ್ತದೆ. ಅರಳಿದ ಸುಣ್ಣವನ್ನು ಉಳಿದ ಐದು ಲೀಟರಿನಲ್ಲಿ ಕಲಸಿ, ಸೋಸಿ, ತಣ್ಣಗಾದ ಮೇಲೆ ತುತ್ತದ ನೀರನ್ನು ಅದಕ್ಕೆ ನಿಧಾನವಾಗಿ ಸುರಿಯುತ್ತ ಕಲಕಿ. ಉಲ್ಟಾ ಸುರಿದರೆ ಗಸಿ ದಪ್ಪಗಾಗಿ ಬೇಗ ತಳಕಟ್ಟುತ್ತದೆ, ನಳಿಕೆಯೂ ಕಟ್ಟುತ್ತದೆ.

ಈಗ ಉಜ್ಜಿದ ಕುಡುಗೋಲನ್ನು ಒಂದು ನಿಮಿಷ ಅದ್ದಿ ನೋಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಅಲಗು ಹೊಳೆಯುತ್ತಲೇ ಇದ್ದರೆ ಹೊಡೆಯಬಹುದು. ಕಲಸಿದ ದಿನವೇ ಮುಗಿಸಿ. ಬೇರೆ ಔಷಧಿ ಬೆರೆಸಬೇಡಿ.

ಈ ಪೂರ್ಣ ಅಳತೆ ಚಾಟ್ನಿ ಮಾಡಿದ, ಎಲೆಯಿಲ್ಲದ ಗಿಡಕ್ಕೆ. ಚಿಗುರು ಬಂದ ಮೇಲೆ ಎರಡನ್ನೂ ತಲಾ 50 ಗ್ರಾಂಗೆ ಇಳಿಸುತ್ತೇನೆ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ, ಎಲೆಯ ಅಡಿಭಾಗಕ್ಕೂ ತಾಗುವಂತೆ. ಹೂ ತುಂಬಿದಾಗ, ಕಾಯಿ ಬಲಿತಾಗ ಬೇಡ.

ಒಂದೇ ರೆಂಬೆ ಹಳದಿಯಾಗಿ ಬಾಡಿ, ಸೀಳಿದರೆ ಒಳಮರದಲ್ಲಿ ಕಂದು-ಕಪ್ಪು ಗೆರೆ ಕಂಡರೆ ಅದು ಸೊರಗು ರೋಗ. ಬೋರ್ಡೋ ಅಲ್ಲಿ ಕೆಲಸಕ್ಕೆ ಬಾರದು. ಗಿಡ ಪೂರ್ತಿ ಬಾಡಿದ್ದರೆ ಬೇರುಸಮೇತ ಕಿತ್ತು ಅಲ್ಲೇ ಸುಟ್ಟು, ಸುತ್ತಲಿನ ಗಿಡಗಳ ಬುಡಕ್ಕೆ ಲೀಟರಿಗೆ 2 ಮಿಲಿ ಪ್ರೊಪಿಕೊನಜೋಲ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರನ್ನು ಗಿಡಕ್ಕೆ 8ರಿಂದ 10 ಲೀಟರ್ ಹುಯ್ಯಬೇಕು. ಅದೇ ಗುಂಡಿಗೆ ಮತ್ತೆ ದಾಳಿಂಬೆ ಇಡಬೇಡಿ.